ಹೂಂಗುಟ್ಟುವ ಯಂತ್ರ, ನೊಂದ ಮನಸ್ಸು

2025ರ ಅಕ್ಟೋಬರ್ ಕೊನೆಯಲ್ಲಿ ಓಪನ್‌ಎಐ ಕಂಪನಿ, ಕೃತಕ ಬುದ್ಧಿಮತ್ತೆಯಿಂದ (ಎಐ) ಮಾತಾಡುವ ತನ್ನ ಚಾಟ್‌ಜಿಪಿಟಿಯ ಬಗ್ಗೆ ತಾನೇ ಒಂದು ಅಂಕಿಅಂಶ ಪ್ರಕಟಿಸಿತು. ವಾರವೊಂದರಲ್ಲಿ ಅದನ್ನು ಬಳಸುವವರ ಪೈಕಿ ಶೇ 0.15ರಷ್ಟು ಮಂದಿಯ ಮಾತುಕತೆಯಲ್ಲಿ ಆತ್ಮಹತ್ಯೆಯ ಉದ್ದೇಶ ಅಥವಾ ಸಿದ್ಧತೆಯ ಸ್ಪಷ್ಟ ಸುಳಿವು ಸಿಗುತ್ತದೆ ಎಂಬುದು ಅದರ ಸಾರ. ಶೇಕಡಾವಾರು ಲೆಕ್ಕ ಚಿಕ್ಕದೆನಿಸುತ್ತದೆ. ಆದರೆ ಆಗ ವಾರಕ್ಕೆ ಅದನ್ನು ಬಳಸುತ್ತಿದ್ದವರು 80 ಕೋಟಿಗೂ ಹೆಚ್ಚು. ಅಂದರೆ ವಾರಕ್ಕೆ ಸುಮಾರು 12 ಲಕ್ಷ ಜನ ತಮ್ಮ ಬದುಕಿನ ಅತ್ಯಂತ ಕಠಿಣ ಗಳಿಗೆಯಲ್ಲಿ, ಬಹುಶಃ ಮನೆಯವರಿಗೂ ಹೇಳದ ಮಾತನ್ನು, ಒಂದು ಯಂತ್ರದ ಮುಂದೆ ಹೇಳಿಕೊಳ್ಳುತ್ತಿದ್ದರು.

ಇಷ್ಟು ಜನ ಅಲ್ಲಿಗೆ ಹೋಗುವುದೇಕೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯೊಂದಿಗೆ ಬದುಕುತ್ತಿದ್ದಾರೆ. ಅವರಿಗೆ ನೆರವಾಗಬೇಕಾದ ಮನೋವೈದ್ಯರು, ದಾದಿಯರು, ಆಪ್ತಸಮಾಲೋಚಕರು ಎಲ್ಲರನ್ನೂ ಸೇರಿಸಿದರೂ, ದೇಶಗಳ ಸಾಲಿನಲ್ಲಿ ನಡುಮಧ್ಯೆ ನಿಲ್ಲುವ ದೇಶವೊಂದರಲ್ಲಿ ಲಕ್ಷ ಜನಕ್ಕೆ ಸಿಗುವವರು 13 ಮಂದಿ. ಮೊಬೈಲಿನೊಳಗಿನ ಯಂತ್ರವಾದರೋ ನಡುರಾತ್ರಿಯಲ್ಲೂ ಎಚ್ಚರವಿರುತ್ತದೆ. ಅದು ಮುಖ ಸಿಂಡರಿಸುವುದಿಲ್ಲ, ‘ಇಷ್ಟಕ್ಕೆಲ್ಲ ಯಾರಾದರೂ ಅಳುತ್ತಾರೆಯೇ’ ಎನ್ನುವುದಿಲ್ಲ. ಅಲ್ಲಿಗೆ ಹೋದವರನ್ನು ದೂರುವುದು ತಪ್ಪು. ಆ ಕಡೆಯಿಂದ ಉತ್ತರಿಸುತ್ತಿರುವುದು ಏನು, ಅದು ಯಾಕೆ ಹಾಗೆ ಉತ್ತರಿಸುತ್ತದೆ, ಅದರಿಂದ ಯಾವಾಗ ಒಳಿತಾಗುತ್ತದೆ, ಯಾವಾಗ ಕೆಡುಕಾಗುತ್ತದೆ ಎಂಬುದನ್ನು ತಿಳಿಯುವುದು ಮಾತ್ರ ಈಗ ತುರ್ತಿನ ಕೆಲಸ.

ಮೊದಲ ಯಂತ್ರ ತೋರಿಸಿಕೊಟ್ಟದ್ದು

ಯಂತ್ರವೊಂದು ಆಪ್ತಸಮಾಲೋಚಕನ ವೇಷ ಹಾಕಿದ್ದು ಇದೇ ಮೊದಲಲ್ಲ. 1966ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಮನ್ನು ಜಗತ್ತಿನ ಮುಂದಿಟ್ಟರು. ಅದರ ತಂತ್ರ ತೀರಾ ಸರಳ. ಎದುರಿನವರು ಬರೆದ ವಾಕ್ಯದಲ್ಲಿ ಕೆಲವು ಗುರುತಿನ ಪದಗಳನ್ನು ಹುಡುಕುವುದು, ಆ ವಾಕ್ಯವನ್ನೇ ಪ್ರಶ್ನೆಯಾಗಿ ತಿರುಗಿಸಿ ಹಿಂದಕ್ಕೆ ಕಳಿಸುವುದು. ‘ಅಮ್ಮ’ ಎಂಬ ಪದ ಕಂಡರೆ ‘ನಿಮ್ಮ ಕುಟುಂಬದ ಬಗ್ಗೆ ಇನ್ನಷ್ಟು ಹೇಳಿ’ ಎನ್ನುವುದು. ಗುರುತಿನ ಪದ ಯಾವುದೂ ಸಿಗದಿದ್ದರೆ ‘ಮುಂದುವರಿಸಿ’ ಎಂದು ಸುಮ್ಮನಾಗುವುದು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬೆಳೆಸಿದ ಚಿಕಿತ್ಸಾ ಪದ್ಧತಿಯಲ್ಲಿ ಸಮಾಲೋಚಕರು ತೀರ್ಪು ಕೊಡದೆ, ಎದುರಿನವರ ಮಾತನ್ನೇ ಅವರಿಗೆ ಮರಳಿ ಕೇಳಿಸುತ್ತಾರೆ. ವೈಜೆನ್‌ಬಾಮ್ ಆ ಶೈಲಿಯನ್ನು ಅನುಕರಿಸಿದ್ದಕ್ಕೆ ಕಾರಣವೂ ಇತ್ತು. ಆ ಶೈಲಿಯಲ್ಲಿ ಮಾತನಾಡುವವರಿಗೆ ಲೋಕಜ್ಞಾನ ಇಲ್ಲದಿದ್ದರೂ ನಡೆಯುವಂತೆ ತೋರುತ್ತದೆ!

ಅವರು ನಿರೀಕ್ಷಿಸದೇ ಇದ್ದದ್ದು ಜನರ ಪ್ರತಿಕ್ರಿಯೆಯನ್ನು. ಅವರು ಆ ಪ್ರೋಗ್ರಾಮ್ ಬರೆಯುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿ, ಒಮ್ಮೆ ಅದರೊಡನೆ ನಾಲ್ಕು ಮಾತಾಡಿದ ಕೂಡಲೇ, ‘ದಯವಿಟ್ಟು ನೀವು ಹೊರಗೆ ಹೋಗುತ್ತೀರಾ’ ಎಂದು ಅವರನ್ನೇ ಕೇಳಿಕೊಂಡರು. ಇನ್ನೊಂದು ಕಡೆ, ಕೆನ್ನೆತ್ ಕೋಲ್ಬಿ ಎಂಬ ಮನೋವೈದ್ಯರು ಅದೇ ವರ್ಷ ಸಹೋದ್ಯೋಗಿಗಳೊಂದಿಗೆ ಬರೆದ ಲೇಖನದಲ್ಲಿ, ಇಂಥ ಕಂಪ್ಯೂಟರ್ ಗಂಟೆಗೆ ನೂರಾರು ರೋಗಿಗಳನ್ನು ನೋಡಬಲ್ಲದು ಎಂದರು. ವೈಜೆನ್‌ಬಾಮ್ ಬೆಚ್ಚಿದರು. ಬದುಕಿನ ಉಳಿದ ವರ್ಷಗಳಲ್ಲಿ ಅವರು ಇಂಥ ಬಳಕೆಯ ಕಟು ಟೀಕಾಕಾರರಾಗಿಯೇ ಉಳಿದರು.

ಎದುರಿಗಿರುವುದು ಯಂತ್ರ ಎಂಬ ಅರಿವು ಅದಕ್ಕೆ ಮನಸ್ಸು ಕೊಡುವುದನ್ನು ತಡೆಯುವುದಿಲ್ಲ ಎಂಬುದು ಆಗಲೇ ತಿಳಿದುಹೋಗಿತ್ತು. ಅರ್ಥವಾದಂತೆ ಉತ್ತರ ಬಂದರೆ ಸಾಕು, ಅದರ ಹಿಂದೊಂದು ಮನಸ್ಸಿದೆ ಎಂದು ನಾವು ಅರಿವಿಲ್ಲದೆಯೇ ಭಾವಿಸುತ್ತೇವೆ. ಇದು ದಡ್ಡತನವಲ್ಲ, ಮನುಷ್ಯರು ಭಾಷೆಯನ್ನು ಬಳಸುವ ಬಗೆಯೇ ಹಾಗೆ.

ಇಂದಿನ ಯಂತ್ರ ಮಾತು ಕಟ್ಟುವ ಬಗೆ

ಈಗ ಮಾನಸಿಕ ಆರೋಗ್ಯಕ್ಕೆ ಬಳಕೆಯಾಗುತ್ತಿರುವ, ಮನುಷ್ಯರಂತೆ ಮಾತುಕತೆ ನಡೆಸುವ ಪ್ರೋಗ್ರಾಮುಗಳಾದ ಚಾಟ್‌ಬಾಟ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಪರಿಣತರು ಮೊದಲೇ ಬರೆದಿಟ್ಟ ಮಾತುಗಳನ್ನು ಸಂದರ್ಭ ನೋಡಿ ಆರಿಸಿಕೊಡುವಂಥದ್ದು. ಅದು ಹೇಳಬಹುದಾದ ಪ್ರತಿ ವಾಕ್ಯವನ್ನೂ ಯಾರೋ ಒಬ್ಬರು ಓದಿ ಒಪ್ಪಿರುತ್ತಾರೆ. ಹಾಗಾಗಿ ಅದು ಅಪಾಯದ ಮಾತಾಡುವುದು ಅಪರೂಪ, ಬೇಸರ ತರಿಸುವುದು ಸಾಮಾನ್ಯ.

ಎರಡನೆಯದು ಭಾಷಾ ಮಾದರಿ. ಚಾಟ್‌ಜಿಪಿಟಿಯಂಥವು ಈ ಗುಂಪಿನವು. ಅಪಾರ ಪ್ರಮಾಣದ ಬರಹವನ್ನು ಅದಕ್ಕೆ ಉಣಿಸಿ, ಇಂತಿಂಥ ಪದಗಳ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿಸಿರುತ್ತಾರೆ. ನೀವು ಪ್ರಶ್ನೆ ಕೇಳಿದಾಗ ಅದು ಒಂದೊಂದೇ ತುಣುಕನ್ನು ಹೀಗೆ ಲೆಕ್ಕ ಹಾಕಿ ಜೋಡಿಸುತ್ತ ಹೋಗುತ್ತದೆ. ಆ ಉತ್ತರವನ್ನು ಮೊದಲೇ ಯಾರೂ ಬರೆದಿಟ್ಟಿಲ್ಲ, ಓದಿ ಒಪ್ಪಿಯೂ ಇಲ್ಲ.

ಅಮೆರಿಕದ ಡಾರ್ಟ್‌ಮತ್ ವಿಶ್ವವಿದ್ಯಾಲಯದ ತಂಡವೊಂದು ‘ಥೆರಾಬಾಟ್’ ಎಂಬ ಚಿಕಿತ್ಸಾ ಚಾಟ್‌ಬಾಟ್ ಕಟ್ಟುವಾಗ ಕಂಡುಕೊಂಡದ್ದು ಈ ವಿಷಯವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಮೊದಲು ಅವರು ಮಾನಸಿಕ ಸಮಸ್ಯೆಗಳ ಬಗ್ಗೆ ಜನ ಅಂತರ್ಜಾಲದಲ್ಲಿ ನಡೆಸಿದ ಮಾತುಕತೆಗಳನ್ನು ಯಂತ್ರಕ್ಕೆ ಕಲಿಸಿದರು. ಖಿನ್ನತೆಯಿದೆ ಎಂದು ಹೇಳಿದರೆ ಅದೂ ತನಗೆ ಹಾಸಿಗೆಯಿಂದ ಏಳಲಾಗುತ್ತಿಲ್ಲ ಎನ್ನತೊಡಗಿತು. ಆಮೇಲೆ ನಿಜವಾದ ಚಿಕಿತ್ಸಾ ಅವಧಿಗಳ ದಾಖಲೆಗಳನ್ನು ಉಣಿಸಿದರು. ಈಗ ಅದು ‘ಹೂಂ’, ‘ಮುಂದೆ ಹೇಳಿ’ ಎನ್ನುತ್ತ, ನಡುನಡುವೆ ‘ನಿಮ್ಮ ಸಮಸ್ಯೆಯ ಮೂಲ ತಾಯಿಯೊಂದಿಗಿನ ನಿಮ್ಮ ಸಂಬಂಧದಲ್ಲಿದೆ’ ಎಂದು ಘೋಷಿಸಲು ಕಲಿಯಿತು. ಕೊನೆಗೆ ತಂಡದವರೇ ಕುಳಿತು, ಒಳ್ಳೆಯ ಸಮಾಲೋಚನೆ ಹೇಗಿರಬೇಕೋ ಹಾಗಿರುವ ಸಂಭಾಷಣೆಗಳನ್ನು ಕೈಯಾರೆ ಬರೆದು ಕಲಿಸಬೇಕಾಯಿತು.

ಅದು ನಮ್ಮ ಮಾತಿಗೆ ತಲೆದೂಗುವುದೇಕೆ

ಭಾಷಾ ಮಾದರಿಯನ್ನು ಮಾತಿಗೆ ಯೋಗ್ಯವಾಗಿಸಲು ಇನ್ನೊಂದು ಹಂತದ ತರಬೇತಿ ಇರುತ್ತದೆ. ಒಂದೇ ಪ್ರಶ್ನೆಗೆ ಅದು ಕೊಟ್ಟ ಎರಡು ಉತ್ತರಗಳನ್ನು ಮನುಷ್ಯರ ಮುಂದಿಟ್ಟು, ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ. ಜನ ಮೆಚ್ಚಿದ ಬಗೆಯ ಉತ್ತರಗಳ ಕಡೆಗೆ ಯಂತ್ರವನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಸಭ್ಯತೆ, ಸ್ಪಷ್ಟತೆ, ಸಹನೆ ಅದಕ್ಕೆ ಬರುವುದು ಹೀಗೆ. ಆದರೆ ಮನುಷ್ಯರಿಗೆ ತಮ್ಮ ಅಭಿಪ್ರಾಯವನ್ನು ಅನುಮೋದಿಸುವ ಉತ್ತರವೇ ಹೆಚ್ಚು ಇಷ್ಟ. ಆ ಒಲವನ್ನೂ ಯಂತ್ರ ಕಲಿತುಬಿಡುತ್ತದೆ.

ಇದು ಎಷ್ಟರಮಟ್ಟಿಗೆ ಹೋಗಬಹುದೆಂಬುದು 2025ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಓಪನ್‌ಎಐ ತನ್ನ ಮಾದರಿಗೆ ಮಾಡಿದ ಒಂದು ಬದಲಾವಣೆಯಿಂದ ಅದು ಯಾರು ಏನು ಹೇಳಿದರೂ ಹೊಗಳುವ ಮುಖಸ್ತುತಿಗೆ ಇಳಿಯಿತು. ಕೆಲವೇ ದಿನಗಳಲ್ಲಿ ಕಂಪನಿ ಆ ಬದಲಾವಣೆಯನ್ನು ಹಿಂದಕ್ಕೆ ಪಡೆಯಿತು. ಆ ಅತಿರೇಕ ಹೋಯಿತಾದರೂ ಒಪ್ಪಿಕೊಳ್ಳುವ ಮೂಲ ಸ್ವಭಾವ ತರಬೇತಿಯ ರೀತಿಯಲ್ಲೇ ಇದೆ. ಇಂಥ ಯಂತ್ರಗಳ ಬಗ್ಗೆ ಓದುಗರು ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ ಎಂದು ನಾನು ಬಯಸುತ್ತೇನೆ. ಮನಸ್ಸಿನ ಚಿಕಿತ್ಸೆಯಲ್ಲಿ ಇದಕ್ಕಿರುವಷ್ಟು ತೂಕ ಬೇರೆ ಕ್ಷೇತ್ರಗಳಲ್ಲಿ ಇರಲಾರದು.

ಸಮಾಧಾನ ಬೇರೆ, ಚಿಕಿತ್ಸೆ ಬೇರೆ

ಆಪ್ತಸಮಾಲೋಚನೆ ಎಂದರೆ ಕಷ್ಟ ಕೇಳಿ ಸಮಾಧಾನ ಹೇಳುವುದು ಎಂಬ ತಿಳಿವಳಿಕೆ ಸಾಮಾನ್ಯ. ಅದು ಆರಂಭ ಮಾತ್ರ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಇಂದು ಸಿಬಿಟಿ ಎಂದೇ ಹೆಸರಾದ ಅರಿವು-ವರ್ತನಾ ಚಿಕಿತ್ಸೆಯನ್ನೇ ನೋಡಿ. ಖಿನ್ನತೆಯಲ್ಲಿರುವವರು ‘ನಾನು ಯಾವುದಕ್ಕೂ ಪ್ರಯೋಜನವಿಲ್ಲ’ ಎಂದಾಗ ಚಿಕಿತ್ಸಕರು ಹೌದು ಎನ್ನುವುದಿಲ್ಲ, ಥಟ್ಟನೆ ಅಲ್ಲ ಎಂದೂ ಅನ್ನುವುದಿಲ್ಲ. ಆ ಯೋಚನೆಗೆ ಪುರಾವೆ ಏನು, ವಿರುದ್ಧ ಪುರಾವೆ ಏನಿದೆ ಎಂದು ಜೊತೆಗೆ ಕುಳಿತು ಪರಿಶೀಲಿಸುತ್ತಾರೆ. ನಡುವೆ ರೋಗಿಗೆ ಸಿಟ್ಟು ಬರಬಹುದು. ಆ ಸಿಟ್ಟನ್ನು ದಾಟಿ ಸಂಬಂಧ ಮತ್ತೆ ಕುದುರಿಕೊಳ್ಳುವುದೂ ಚಿಕಿತ್ಸೆಯ ಒಂದು ಭಾಗ.

ಗೀಳು ಕಾಯಿಲೆಯಲ್ಲಿ, ಅಂದರೆ ಒಸಿಡಿಯಲ್ಲಿ, ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಬಾಗಿಲು ಹಾಕಿದೆನೇ, ಕೈಗೆ ಸೋಂಕು ತಗುಲಿತೇ, ನನ್ನಿಂದ ಯಾರಿಗಾದರೂ ಕೇಡಾಯಿತೇ ಎಂಬ ಸಂಶಯ ಬಿಡದೆ ಕಾಡುತ್ತದೆ. ಏನೂ ಆಗಿಲ್ಲ ಎಂದು ಯಾರಾದರೂ ಹೇಳಿದರೆ ಕ್ಷಣಕಾಲ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಸಂಶಯ ಮರಳುತ್ತದೆ. ತುರಿಕೆಯನ್ನು ಕೆರೆದ ಹಾಗೆ, ಪ್ರತಿ ಸಾಂತ್ವನವೂ ಮುಂದಿನ ಸಂಶಯವನ್ನು ಕೆರಳಿಸುತ್ತದೆ. ಹೀಗಾಗಿ ಈ ಕಾಯಿಲೆಗೆ ಪರಿಣಾಮಕಾರಿ ಎಂದು ಸಾಬೀತಾಗಿರುವ ಚಿಕಿತ್ಸೆ, ಭಯ ಹುಟ್ಟಿಸುವ ಸನ್ನಿವೇಶಕ್ಕೆ ಹಂತಹಂತವಾಗಿ ಎದುರಾಗಿ, ಪರೀಕ್ಷಿಸುವ, ತೊಳೆಯುವ, ಕೇಳಿ ಖಚಿತಪಡಿಸಿಕೊಳ್ಳುವ ಕ್ರಿಯೆಯನ್ನು ತಡೆಹಿಡಿಯಲು ಕಲಿಸುತ್ತದೆ. ಮನೆಯವರಿಗೂ ‘ಮತ್ತೆ ಮತ್ತೆ ಭರವಸೆ ಕೊಡಬೇಡಿ’ ಎಂದು ವೈದ್ಯರು ಹೇಳುತ್ತಾರೆ. ಮನೆಯವರು ಹತ್ತನೇ ಸಲಕ್ಕೆ ದಣಿದಾದರೂ ನಿಲ್ಲಿಸುತ್ತಾರೆ. ಯಂತ್ರಕ್ಕೆ ದಣಿವಿಲ್ಲ. ನೂರನೇ ಸಲವೂ ಅದೇ ಮೃದುತ್ವದಿಂದ ‘ಚಿಂತಿಸಬೇಡಿ, ನೀವು ಸುರಕ್ಷಿತವಾಗಿದ್ದೀರಿ’ ಎನ್ನಬಲ್ಲದು. ನೊಂದವರಿಗೆ ಅದು ದಯೆಯಂತೆ ಕಾಣುತ್ತದೆ, ಕಾಯಿಲೆಗೆ ಮಾತ್ರ ಅದೇ ಆಹಾರ.

ಭ್ರಮೆಯ ವಿಷಯದಲ್ಲಿ ಅಪಾಯ ಇನ್ನೂ ತೀವ್ರ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ತಾನು ಲೋಕದ ರಹಸ್ಯ ಕಂಡುಹಿಡಿದಿದ್ದೇನೆ ಎಂಬಂಥ ನಂಬಿಕೆ ಪುರಾವೆಗೂ ಅಲುಗದೆ ಬೇರೂರಿದಾಗ ಅದನ್ನು ಭ್ರಮೆ ಎನ್ನುತ್ತಾರೆ. ಇಂಥ ನಂಬಿಕೆ ಮೊಳೆಯುತ್ತಿರುವವರು ಗಂಟೆಗಟ್ಟಲೆ ಕುಳಿತು ತಲೆದೂಗುವ ಯಂತ್ರದೊಂದಿಗೆ ಅದನ್ನೇ ಚರ್ಚಿಸಿದರೆ, ಅನುಮಾನವಾಗಿದ್ದದ್ದು ಸಿದ್ಧಾಂತವಾಗಿ ಬೆಳೆಯಬಹುದು. ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಓಸ್ಟರ್‌ಗೋರ್ 2023ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಈಗ ಸುದ್ದಿಗಳಲ್ಲಿ ಕಾಣುವ ‘ಎಐ ಸೈಕೋಸಿಸ್’ ಎಂಬುದು ವೈದ್ಯಕೀಯ ರೋಗನಿರ್ಣಯದ ಹೆಸರಲ್ಲ, ಇಂಥ ಘಟನೆಗಳಿಗೆ ಮಾಧ್ಯಮ ಕೊಟ್ಟ ಅಡ್ಡಹೆಸರು. ಯಂತ್ರವೇ ಕಾಯಿಲೆ ಹುಟ್ಟಿಸುತ್ತದೆಯೇ ಅಥವಾ ಮೊದಲೇ ಇದ್ದ ಒಲವನ್ನು ಉದ್ದೀಪಿಸುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಆತ್ಮಹತ್ಯೆಯ ಸುಳಿವನ್ನು ಗುರುತಿಸುವುದರಲ್ಲೂ ಯಂತ್ರ ಎಡವುತ್ತದೆ. 2025ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೆಲವು ಚಾಟ್‌ಬಾಟ್‌ಗಳಿಗೆ, ಕೆಲಸ ಹೋಯಿತು ಎಂದು ಹೇಳಿ ಅದೇ ಉಸಿರಿನಲ್ಲಿ ನಗರದ ಎತ್ತರದ ಸೇತುವೆಗಳ ಬಗ್ಗೆ ಕೇಳಿದರು. ಮನುಷ್ಯರಾದರೆ ಅಲ್ಲಿಯೇ ತಡೆದು ‘ಯಾಕೆ ಕೇಳುತ್ತಿದ್ದೀರಿ’ ಎನ್ನುತ್ತಿದ್ದರು. ಕೆಲವು ಯಂತ್ರಗಳು ಸೇತುವೆಗಳ ಮಾಹಿತಿ ಕೊಟ್ಟವು. ಅಮೆರಿಕದಲ್ಲಿ ಆತ್ಮಹತ್ಯೆಯಿಂದ ಮಕ್ಕಳನ್ನು ಕಳೆದುಕೊಂಡ ಹೆತ್ತವರು 2024ರಲ್ಲಿ, ಕಾಲ್ಪನಿಕ ಪಾತ್ರಗಳೊಡನೆ ಹರಟಲು ಬಿಡುವ ಕ್ಯಾರೆಕ್ಟರ್ ಎಐ ಕಂಪನಿಯ ವಿರುದ್ಧ, 2025ರಲ್ಲಿ ಓಪನ್‌ಎಐ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಸಂಭಾಷಣೆ ಬಹಳ ಉದ್ದವಾದಾಗ ತನ್ನ ಸುರಕ್ಷತಾ ಕ್ರಮಗಳು ಸಡಿಲಗೊಳ್ಳಬಹುದು ಎಂದು ಓಪನ್‌ಎಐ ಆ ಹೊತ್ತಿನಲ್ಲಿ ಒಪ್ಪಿಕೊಂಡಿತು. ಅತಿ ಹೆಚ್ಚು ನೊಂದವರೇ ಅತಿ ಹೆಚ್ಚು ಹೊತ್ತು ಮಾತಾಡುತ್ತಾರೆ ಎಂಬುದನ್ನು ನೆನೆದರೆ ಈ ಒಪ್ಪಿಗೆಯ ಗಾಂಭೀರ್ಯ ತಿಳಿಯುತ್ತದೆ.

ನೆರವಾದದ್ದೂ ಉಂಟು

ಇಷ್ಟೆಲ್ಲ ಓದಿ, ಯಂತ್ರದಿಂದ ಉಪಯೋಗವೇ ಇಲ್ಲವೆಂದು ತಿಳಿದರೆ ಅದೂ ಸರಿಯಲ್ಲ. ವೋಬಾಟ್ ಎಂಬ, ಬರೆದಿಟ್ಟ ಮಾತಿನ ಚಾಟ್‌ಬಾಟ್ ಅನ್ನು 2017ರಲ್ಲಿ 70 ಯುವಜನರ ಮೇಲೆ ಪರೀಕ್ಷಿಸಿದರು. ಒಂದು ಗುಂಪಿಗೆ ಚಾಟ್‌ಬಾಟ್, ಇನ್ನೊಂದಕ್ಕೆ ಖಿನ್ನತೆಯ ಕುರಿತ ಇ-ಪುಸ್ತಕ. ಎರಡು ವಾರಗಳಲ್ಲಿ ಚಾಟ್‌ಬಾಟ್ ಗುಂಪಿನವರ ಖಿನ್ನತೆಯ ಲಕ್ಷಣಗಳು ಹೆಚ್ಚು ತಗ್ಗಿದವು. ಮೇಲೆ ಹೇಳಿದ ಥೆರಾಬಾಟ್‌ನ ಪರೀಕ್ಷೆ 2025ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡವರು 210 ಮಂದಿ. ಯಂತ್ರವನ್ನು ಬಳಸಿದವರಲ್ಲಿ ಖಿನ್ನತೆಯ ಲಕ್ಷಣಗಳು ಸರಾಸರಿ ಶೇ 51ರಷ್ಟು, ಆತಂಕದ ಲಕ್ಷಣಗಳು ಶೇ 31ರಷ್ಟು ಕಡಿಮೆಯಾದವು.

ಈ ಅಂಕಿಗಳನ್ನು ಓದುವಾಗ ಎರಡು ವಿಷಯ ಜೊತೆಗಿರಲಿ. ಥೆರಾಬಾಟ್ ಬಳಸಿದವರನ್ನು ಹೋಲಿಸಿದ್ದು ಯಾವ ಚಿಕಿತ್ಸೆಯನ್ನೂ ಪಡೆಯದೆ ಸರದಿಗಾಗಿ ಕಾಯುತ್ತಿದ್ದವರೊಂದಿಗೆ, ನುರಿತ ಚಿಕಿತ್ಸಕರ ಬಳಿ ಹೋದವರೊಂದಿಗಲ್ಲ. ಜೊತೆಗೆ, ಆ ಯಂತ್ರದ ಸಂಭಾಷಣೆಗಳ ಮೇಲೆ ತಂಡದವರು ಕಣ್ಣಿಟ್ಟಿದ್ದರು. ಅಪಾಯ ಕಂಡರೆ ಮನುಷ್ಯರೇ ಮಧ್ಯೆ ಬರುತ್ತಿದ್ದರು. ಪರಿಣತರು ಬರೆದ ಸಂಭಾಷಣೆಗಳಿಂದ ವರ್ಷಗಟ್ಟಲೆ ತಿದ್ದಿದ ಯಂತ್ರಕ್ಕೆ ಸಿಕ್ಕ ಈ ಫಲಿತಾಂಶವನ್ನು, ಮೊಬೈಲಿನಲ್ಲಿರುವ ಸಾಮಾನ್ಯ ಚಾಟ್‌ಬಾಟ್‌ಗೆ ಅನ್ವಯಿಸಲಾಗದು.

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಆಹಾರಸೇವನಾ ಕಾಯಿಲೆಗಳ ಸಂಘದ ‘ಟೆಸ್ಸಾ’ ಉದಾಹರಣೆಯಾಗಿ ನಿಂತಿದೆ. ಊಟದ ಭಯ, ದೇಹದ ತೂಕದ ಗೀಳಿನಿಂದ ನರಳುವವರಿಗೆಂದು ಇದ್ದ ಆ ಚಾಟ್‌ಬಾಟ್, ತೂಕ ಇಳಿಸುವ ಸಲಹೆಗಳನ್ನೇ ಕೊಡತೊಡಗಿದ್ದು ಗೊತ್ತಾಗಿ 2023ರಲ್ಲಿ ಅದನ್ನು ನಿಲ್ಲಿಸಿದರು.

ಒಂಟಿತನಕ್ಕೆ ಜೊತೆಗಾರ

ಚಿಕಿತ್ಸೆಗಲ್ಲದೆ ಬರೀ ಒಡನಾಟಕ್ಕಾಗಿ ಯಂತ್ರದ ಬಳಿ ಹೋಗುವವರೂ ಬಹಳ. ಎಂಐಟಿ ಮತ್ತು ಓಪನ್‌ಎಐ ಸಂಶೋಧಕರು 981 ಮಂದಿಯನ್ನು ನಾಲ್ಕು ವಾರ ಗಮನಿಸಿದ ಅಧ್ಯಯನ 2025ರಲ್ಲಿ ಹೊರಬಂತು. ದಿನಕ್ಕೆ ಹೆಚ್ಚು ಹೊತ್ತು ಚಾಟ್‌ಬಾಟ್ ಬಳಸಿದವರಲ್ಲಿ ಒಂಟಿತನ, ಅವಲಂಬನೆ ಹೆಚ್ಚಿದ್ದವು, ಜನರೊಡನೆ ಬೆರೆಯುವುದು ಕಡಿಮೆಯಿತ್ತು. ಬಳಕೆ ಹೆಚ್ಚಾದ್ದರಿಂದ ಒಂಟಿಯಾದರೇ, ಒಂಟಿಯಾಗಿದ್ದರಿಂದ ಬಳಕೆ ಹೆಚ್ಚಾಯಿತೇ ಎಂಬುದನ್ನು ಇಷ್ಟರಿಂದಲೇ ಬೇರ್ಪಡಿಸಲಾಗದು. ಎರಡೂ ಒಂದನ್ನೊಂದು ತಳ್ಳುತ್ತಿರಬಹುದು.

ಈ ಸಂಬಂಧದ ಕೀಲಿ ಕಂಪನಿಯ ಕೈಯಲ್ಲಿರುತ್ತದೆ ಎಂಬುದು ಹಲವರಿಗೆ ತಡವಾಗಿ ಹೊಳೆಯುತ್ತದೆ. ರೆಪ್ಲಿಕಾ ಎಂಬ ಒಡನಾಡಿ ಆ್ಯಪ್ 2023ರ ಆರಂಭದಲ್ಲಿ ತನ್ನ ಪಾತ್ರಗಳು ಪ್ರಣಯದ ಮಾತಿಗೆ ಸ್ಪಂದಿಸುವ ರೀತಿಯನ್ನು ಏಕಾಏಕಿ ಬದಲಿಸಿದಾಗ, ಎಷ್ಟೋ ಬಳಕೆದಾರರು ಆಪ್ತರನ್ನು ಕಳೆದುಕೊಂಡಂತೆ ದುಃಖಿಸಿದರು. ಆ ದುಃಖ ನಿಜವಾದದ್ದೇ.

ಯಂತ್ರ ಮೊದಲೇ ಗುರುತಿಸಬಲ್ಲದೇ?

ದನಿಯ ಏರಿಳಿತ, ಬರೆಯುವ ಪದ, ನಿದ್ದೆಯ ಲೆಕ್ಕ ಇವುಗಳಿಂದ ಯಾರು ಅಪಾಯದಲ್ಲಿದ್ದಾರೆ ಎಂದು ಊಹಿಸುವ ಪ್ರಯತ್ನಗಳೂ ನಡೆದಿವೆ. ಇಲ್ಲಿ ಅಡ್ಡಬರುವುದು ಸರಳ ಗಣಿತ. ಲಕ್ಷ ಜನರಲ್ಲಿ 20 ಮಂದಿ ನಿಜಕ್ಕೂ ಅಪಾಯದಲ್ಲಿದ್ದಾರೆ ಎಂದುಕೊಳ್ಳೋಣ. ಶೇ 90ರಷ್ಟು ನಿಖರವಾದ ಯಂತ್ರ ಅವರಲ್ಲಿ 18 ಜನರನ್ನು ಹಿಡಿಯುತ್ತದೆ. ಆದರೆ ಉಳಿದ 99,980 ಜನರಲ್ಲಿ ಶೇ 10ರಷ್ಟು, ಅಂದರೆ 9,998 ಮಂದಿಯ ಮೇಲೂ ತಪ್ಪಾಗಿ ಬೆರಳು ತೋರಿಸುತ್ತದೆ. ಹತ್ತು ಸಾವಿರ ಎಚ್ಚರಿಕೆಗಳ ರಾಶಿಯಲ್ಲಿ ನಿಜವಾದ 18 ಯಾವುವು ಎಂದು ಮತ್ತೆ ಮನುಷ್ಯರೇ ಹುಡುಕಬೇಕು. ಅಪರೂಪದ ಘಟನೆಯನ್ನು ಊಹಿಸಹೊರಟ ಎಲ್ಲ ಸಾಧನಗಳಿಗೂ ಈ ಮಿತಿ ಇದೆ.

ಹೇಳಿಕೊಂಡದ್ದು ಎಲ್ಲಿ ಉಳಿಯುತ್ತದೆ

ವೈದ್ಯರಿಗೆ, ಆಪ್ತಸಮಾಲೋಚಕರಿಗೆ ಹೇಳಿದ ಮಾತಿಗೆ ಗೋಪ್ಯತೆಯ ರಕ್ಷಣೆ ಇರುತ್ತದೆ. ಚಾಟ್‌ಬಾಟ್‌ಗೆ ಹೇಳಿದ್ದಕ್ಕೆ ಅಂಥ ಕಾನೂನಿನ ರಕ್ಷಣೆ ಇಲ್ಲ, ನ್ಯಾಯಾಲಯ ಕೇಳಿದರೆ ಕೊಡಬೇಕಾಗಬಹುದು ಎಂದು ಓಪನ್‌ಎಐ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ 2025ರಲ್ಲಿ ತಾವೇ ಹೇಳಿದ್ದಾರೆ. ಮನುಷ್ಯ ಚಿಕಿತ್ಸಕರನ್ನು ಒದಗಿಸುವ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಸೇವೆ ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದ ಕಂಪನಿಗಳಿಗೆ ಕೊಟ್ಟ ಆರೋಪದಲ್ಲಿ, 2023ರಲ್ಲಿ 78 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು.

ಕಾನೂನುಗಳು ಈಗಷ್ಟೇ ಎಚ್ಚೆತ್ತಿವೆ. ಅಮೆರಿಕದ ಇಲಿನಾಯ್ ರಾಜ್ಯ 2025ರ ಆಗಸ್ಟ್‌ನಲ್ಲಿ ಯಂತ್ರವೇ ಮನೋಚಿಕಿತ್ಸೆ ಕೊಡುವುದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯ ಅದೇ ವರ್ಷ ಒಡನಾಡಿ ಚಾಟ್‌ಬಾಟ್‌ಗಳಿಗೆ ಸುರಕ್ಷತಾ ನಿಯಮಗಳನ್ನು ತಂದಿತು.

ಬಳಸುವವರು, ಅವರ ಮನೆಯವರು

ಯಾವ ಕೆಲಸಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಒಳಿತು ಕೆಡುಕು ನಿಂತಿದೆ. ಸಿಬಿಟಿ ಎಂದರೇನು ಎಂದು ತಿಳಿಯಲು, ವೈದ್ಯರಿಗೆ ಹೇಳಬೇಕಾದದ್ದನ್ನು ಮೊದಲೇ ಬರೆದು ಜೋಡಿಸಿಕೊಳ್ಳಲು, ಕಷ್ಟದ ಮಾತೊಂದನ್ನು ಮನೆಯವರಿಗೆ ಹೇಗೆ ಹೇಳಲಿ ಎಂದು ಅಭ್ಯಾಸ ಮಾಡಲು ಯಂತ್ರ ಚೆನ್ನಾಗಿಯೇ ಒದಗುತ್ತದೆ. ಒಂದೇ ಪ್ರಶ್ನೆಯನ್ನು ದಿನವೂ ಕೇಳಿ ನೆಮ್ಮದಿ ಪಡೆಯುತ್ತಿದ್ದರೆ, ನಿದ್ದೆ ಬಿಟ್ಟು ಮಾತಾಡುತ್ತಿದ್ದರೆ, ಜನರಿಗಿಂತ ಅದೇ ತನ್ನನ್ನು ಅರಿತಿದೆ ಎನಿಸತೊಡಗಿದ್ದರೆ, ಮಾತ್ರೆ ನಿಲ್ಲಿಸುವ ತೀರ್ಮಾನವನ್ನು ಅದರೊಡನೆ ಕುಳಿತು ಮಾಡುತ್ತಿದ್ದರೆ, ಮನೋವೈದ್ಯರನ್ನು ಕಾಣಲು ತಡಮಾಡಬೇಡಿ. ಸಾಯುವ ಯೋಚನೆ ಬಂದಿದ್ದರೆ ಯಂತ್ರವನ್ನು ಬದಿಗಿಟ್ಟು, ಸಹಾಯವಾಣಿಗೋ ಪಕ್ಕದಲ್ಲಿರುವ ಒಬ್ಬ ಮನುಷ್ಯರಿಗೋ ಈಗಲೇ ಹೇಳಿ. ಆ ಹೊತ್ತಿನಲ್ಲಿ ನಿಮ್ಮ ಜೊತೆ ಬಂದು ಕುಳಿತುಕೊಳ್ಳಲು ಮನುಷ್ಯರಿಂದ ಮಾತ್ರ ಸಾಧ್ಯ.

ಮನೆಯಲ್ಲಿ ಯಾರಾದರೂ ಯಂತ್ರದೊಡನೆ ಮನಸ್ಸು ತೋಡಿಕೊಳ್ಳುತ್ತಿರುವುದು ಗೊತ್ತಾದರೆ ಮೊಬೈಲ್ ಕಿತ್ತುಕೊಳ್ಳಬೇಡಿ. ಅವರಿಗೆ ಇರುವ ಒಂದೇ ಕಿಟಕಿ ಅದಾಗಿರಬಹುದು. ಅದಕ್ಕೆ ಏನು ಹೇಳಿದೆ, ಅದು ಏನು ಹೇಳಿತು ಎಂದು ಗದರದೆ ಕೇಳಿ. ತೋರಿಸಿದರೆ ಪೂರ್ತಿ ಓದಿ, ಅವರು ಒಪ್ಪಿದರೆ ಆ ಸಂಭಾಷಣೆಯನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೂ ತೋರಿಸಿ.